ಕಿವಿ ಸೀಟು

ಮಾರ್ಚ್ ೪

ಸೊಸೆಗೆ ಆಶೀರ್ವಾದ.

ನಿನ್ನೆ ನೀನು ಫೋನ್ ಮಾಡಿದ್ದೆ. ಅರ್ಧ ಮಾತು ನುಂಗಿ ಅರ್ಧ ಮಾತು ಆಡುವುದು ನಿನಗೆ ಮೊದಲಿನಿಂದಲೂ ಅಭ್ಯಾಸ. ನನಗೆ ತಿಳಿದದ್ದು ಇಷ್ಟೇ: ಹಳೆಯ ಪಿಕಪ್ ಕೈಕೊಟ್ಟಿದೆ, ಹೊಸದು ಕೊಳ್ಳಬೇಕು. ಉಳಿದದ್ದನ್ನು ಆಮೇಲೆ, ನಿನ್ನ ಜೊತೆ ಫೋನಿನಲ್ಲಿ ಮಾತಾಡಿದ ನನ್ನ ತಮ್ಮನಿಂದ ಕೇಳಿ ತಿಳಿದುಕೊಂಡೆ. ಇನ್ನು ಮುಂದೆ ಇಂಥ ದೊಡ್ಡ ವಿಷಯಕ್ಕೆ ಫೋನ್ ಬೇಡ. ಕಾಗದ ಬರೆ. ಬರೆದ ಮಾತಿಗೆ ತೂಕವಿರುತ್ತದೆ, ಬರೆದವರು ಜಾರಿಕೊಳ್ಳುವುದಕ್ಕೂ ಆಗುವುದಿಲ್ಲ.

ಚಾಸಿಗೆ ತುಕ್ಕು ಹಿಡಿದು ತೂತು ಬಿದ್ದಿದೆ ಎಂದು ಗ್ಯಾರೇಜಿನ ಜೋರುಬಾಯಿ ಹೇಳಿದನಂತೆ. ಅವನು ಹತ್ತು ಮಾತಾಡಿದರೆ ಒಂಬತ್ತು ಬರೀ ಗಾಳಿ. ಆದರೆ ಉಳಿದ ಒಂದು ಸರಿಯಿರುತ್ತದೆ. ನಿನ್ನ ಮಾವ ಇದ್ದಾಗ ಕೊಂಡ ಗಾಡಿ, ಬೇಸರವಿದೆ. ಕಬ್ಬಿಣಕ್ಕೂ ವಯಸ್ಸಾಗುತ್ತದೆ, ಏನು ಮಾಡುವುದು.

ಹೊಸದನ್ನು ಆರಿಸುವುದು ಯಾರು ಎಂಬ ಪ್ರಶ್ನೆ ಮಾತ್ರ ಏಳಬಾರದು. ನಮ್ಮ ಗಾಜಿನ ಅಂಗಡಿಯಲ್ಲಿ ಗಾಡಿ ಆರಿಸುವುದು ಓಡಿಸುವವರಲ್ಲ, ಅವರ ಪಕ್ಕದ ಕಿವಿ ಸೀಟಿನಲ್ಲಿ ಕೂರುವವರು. ನೀನು ಮದುವೆಯಾಗಿ ಬಂದ ಹೊಸದರಲ್ಲಿ ಈ ಹೆಸರು ಕೇಳಿ ಸೆರಗಿನಲ್ಲಿ ನಕ್ಕಿದ್ದೆ, ನನಗೆ ನೆನಪಿದೆ. ಈಗ ನೀನೇ ಸ್ಟಿಯರಿಂಗ್ ಹಿಡಿಯುವವಳು, ನಿನಗೆ ಗೊತ್ತು. ಹಗ್ಗ ಸಡಿಲವಾದರೆ ಗಾಜು ಮೊದಲು ಸದ್ದು ಮಾಡಿ, ಹೇಳಿಯೇ ಒಡೆಯುತ್ತದೆ. ಹಿಂದಿನ ಕಿಟಕಿ ಸರಿಸಿ, ಕಿವಿಯನ್ನು ಅತ್ತ ಕೊಟ್ಟು ಕೂರಬೇಕು. ನಿನ್ನ ಮಾವ ಪ್ರತಿ ತಿರುವಿನಲ್ಲೂ ‘ಏನಂತೆ?’ ಎನ್ನುತ್ತಿದ್ದರು. ನಾನು ‘ಸುಮ್ನಿದೆ’ ಎಂದರೆ ಮುಂದೆ ಹೋಗುವುದು, ‘ಕೊಸರ್ತಿದೆ’ ಎಂದರೆ ನಿಧಾನ, ‘ಹಾಡ್ತಿದೆ’ ಎಂದರೆ ಅಲ್ಲೇ ನಿಲ್ಲಿಸಿ ಇಳಿಯುವುದು. ಅವರು ಹೋದ ಮೇಲೆ ನಿನ್ನ ಪಕ್ಕದಲ್ಲೂ ಹಾಗೆಯೇ ಕೂತೆ. ಆ ಸೀಟಿನಲ್ಲಿ ಕೂತೇ ಈ ಅಂಗಡಿಯನ್ನು ಕಾಪಾಡಿದವಳು ನಾನು.

ಆದ್ದರಿಂದ ಕೇಳು. ನಡುಗಾತ್ರದ ಪಿಕಪ್ ಬೇಕು. ದೊಡ್ಡದು ನಮ್ಮ ಗಲ್ಲಿಯಲ್ಲಿ ತಿರುಗುವುದಿಲ್ಲ, ಸಣ್ಣದರಲ್ಲಿ ಎತ್ತರದ ಗಾಜಿನ ಹಲಗೆ ನಿಲ್ಲುವುದಿಲ್ಲ. ಮತ್ತೆ, ನಮ್ಮ ದೇಶದ ಕಂಪನಿಯದೇ ಆಗಬೇಕು.

ಇಲ್ಲಿ ತಮ್ಮನ ಹೆಂಡತಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡವಳು ಇನ್ನೂ ಗೋಡೆ ಹಿಡಿದೇ ಓಡಾಡುತ್ತಾಳೆ. ತಮ್ಮನಿಗೆ ಹೊಲಿಗೆ ಬಿಟ್ಟರೆ ಬೇರೇನೂ ಬಾರದು. ನನಗೆ ಸದ್ಯಕ್ಕೆ ಬರಲಾಗದು.

ನಿನ್ನ ಅತ್ತೆ


ಮಾರ್ಚ್ ೯

ಅತ್ತೆಯವರಿಗೆ ನಮಸ್ಕಾರ.

ನೀವು ಹೇಳಿದ ಹಾಗೆ ಕಾಗದ ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ಬೈಯಬೇಡಿ, ಗ್ರಾಹಕರ ನಡುವೆ ಕೂತು ಬರೆದದ್ದು.

ಸದ್ಯಕ್ಕೆ ಬಾಡಿಗೆ ಗಾಡಿಯಲ್ಲಿ ಕೆಲಸ ನಡೆಯುತ್ತಿದೆ. ಕಿವಿ ಸೀಟಿನಲ್ಲಿ ನಿಮ್ಮ ಮಗ ಕೂರುತ್ತಾರೆ. ಗಾಜು ಕತ್ತರಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ, ಆದರೆ ಗಾಡಿ ಹೊರಟು ಎರಡು ಬೀದಿ ದಾಟುವಷ್ಟರಲ್ಲಿ ಗೊರಕೆ ಶುರು. ನಾನು ‘ಏನಂತೆ?’ ಎಂದರೆ ಬೆಚ್ಚಿಬಿದ್ದು ‘ಎಷ್ಟಂತೆ?’ ಎನ್ನುತ್ತಾರೆ.

ಗಾಡಿಯ ವಿಷಯ. ಎರಡೂ ಕಂಪನಿಯ ಬಣ್ಣದ ಹಾಳೆಗಳನ್ನು ಇದರೊಂದಿಗೆ ಇಟ್ಟಿದ್ದೇನೆ. ಕೋಪ ಮಾಡಿಕೊಳ್ಳದೆ ನೋಡಿ. ಹೊರದೇಶದ್ದರ ಸ್ಪ್ರಿಂಗು ಮೆತ್ತಗಿದೆ, ಹಿಂದಿನ ಬಾಡಿ ತಗ್ಗಿನಲ್ಲಿದೆ, ಹಲಗೆ ಏರಿಸುವಾಗ ಹೆಗಲಿಗೆ ಶ್ರಮ ಕಡಿಮೆ. ಕೊಂಡವರೆಲ್ಲ ವರ್ಷಗಟ್ಟಲೆ ಗ್ಯಾರೇಜಿನ ಮುಖ ನೋಡಿಲ್ಲ ಎನ್ನುತ್ತಾರೆ. ನಮ್ಮ ದೇಶದ್ದು ಗಟ್ಟಿ, ಬಿಡಿಭಾಗ ಎಲ್ಲೆಂದರಲ್ಲಿ ಸಿಗುತ್ತದೆ, ಒಪ್ಪಿದೆ. ಆದರೆ ಎತ್ತಿಹಾಕುತ್ತದೆ. ಮಾವನವರಿಗೆ ಆ ಕಂಪನಿಯ ಮೇಲೆ ಅಭಿಮಾನವಿತ್ತು, ನಿಜ. ಅಭಿಮಾನದಿಂದ ಗಾಜು ಉಳಿಯುತ್ತದೆಯೇ?

ನಿಮ್ಮ ಮಗ ಎರಡರ ಬಾಡಿಯನ್ನೂ ಅಳತೆಪಟ್ಟಿ ಹಿಡಿದು ಅಳೆದು ಬಂದಿದ್ದಾರೆ. ಯಾವುದು ವಾಸಿ ಎಂದರೆ, ಎರಡೂ ಚೆನ್ನಾಗಿವೆ ಎನ್ನುತ್ತಾರೆ. ಅಮ್ಮ ಒಂದು ಹೇಳಿ ಹೆಂಡತಿ ಒಂದು ಹೇಳಿದಾಗ ಅವರಿಗೆ ಯಾವತ್ತೂ ಎರಡೂ ಚೆನ್ನಾಗಿಯೇ ಕಾಣುತ್ತವೆ.

ಚಿಕ್ಕ ಅತ್ತೆಯ ಸೊಂಟ ಬೇಗ ಗುಣವಾಗಲಿ. ನೀವು ಯಾವಾಗ ಬರುತ್ತೀರಿ?

ನಿಮ್ಮ ಸೊಸೆ


ಮಾರ್ಚ್ ೧೫

ಸೊಸೆಗೆ ಆಶೀರ್ವಾದ.

ಬಣ್ಣದ ಹಾಳೆಗಳು ಬಂದವು. ಕನ್ನಡಕ ಹಾಕಿಕೊಂಡು ಸಣ್ಣ ಅಕ್ಷರಗಳನ್ನೂ ಓದಿದೆ. ನೀನು ಸಣ್ಣ ಅಕ್ಷರ ಓದಿದ್ದೀಯೋ ಇಲ್ಲವೋ. ಹೊರದೇಶದ ಗಾಡಿಯ ಹಿಂದಿನ ಕಿಟಕಿ ತೆರೆಯುವುದಿಲ್ಲ. ರಬ್ಬರ್ ಹಾಕಿ ಭದ್ರವಾಗಿ ಮುಚ್ಚಿದ್ದಾರೆ. ಒಳಗೆ ಕೂತವರಿಗೆ ಹೊರಗಿನ ಸದ್ದು ತೊಂದರೆ ಕೊಡಬಾರದಂತೆ, ಅದನ್ನೇ ಹೆಮ್ಮೆಯಿಂದ ಬರೆದುಕೊಂಡಿದ್ದಾರೆ. ನಮ್ಮದರಲ್ಲಿ ಜಾರುವ ಕಿಟಕಿ ಈಗಲೂ ಇದೆ.

ಅಂದರೆ ಕಿವಿ ಸೀಟೇ ಬೇಡದ ಗಾಡಿಯನ್ನು ಹುಡುಕಿದ್ದೀಯ. ಬೇಡ ಎಂದು ಬಾಯಿ ಬಿಟ್ಟು ಹೇಳಬಹುದಾಗಿತ್ತು. ನಾನು ಊರಲ್ಲಿಲ್ಲದ ಹೊತ್ತು ನೋಡಿ ಬಣ್ಣದ ಹಾಳೆ ಕಳಿಸುವ ಅಗತ್ಯವಿರಲಿಲ್ಲ.

ಅಭಿಮಾನದ ಮಾತು ಆಡಿದೆ. ಹೇಳುತ್ತೇನೆ ಕೇಳು. ಒಮ್ಮೆ ಊರಿಂದ ಬಹಳ ದೂರದಲ್ಲಿ, ಮೈತುಂಬ ಗಾಜು ಹೊತ್ತು ನಿಂತುಹೋದಾಗ, ರಸ್ತೆ ಬದಿಯ ಸೈಕಲ್ ರಿಪೇರಿಯವನು ನಮ್ಮ ಗಾಡಿಯನ್ನು ತಂತಿ ಕಟ್ಟಿ ಹೊರಡಿಸಿದ. ನಮ್ಮವರು ಮಾಡಿದ್ದನ್ನು ನಮ್ಮವರು ಬಿಚ್ಚಿ ಕಟ್ಟಬಲ್ಲರು. ನಿನ್ನ ಹೊರದೇಶದ್ದು ನಿಂತರೆ ಅದರ ಬಾನೆಟ್ ತೆಗೆಯುವುದಕ್ಕೂ ಕಂಪನಿಯವರೇ ಬರಬೇಕು. ಅವರು ಬರುವವರೆಗೆ ಕೊಡೆ ಹಿಡಿದು ಕೂತಿರು.

ಆದರೂ ಅನ್ಯಾಯದ ತೀರ್ಮಾನ ನಾನು ಮಾಡುವವಳಲ್ಲ. ಈ ಊರಲ್ಲಿ ಎರಡೂ ಶೋರೂಮ್ ಇವೆ. ಎರಡರಲ್ಲೂ ಕೂತು, ಗಾಜು ಹೇರಿಸಿ ನೋಡಿ ಬರೆಯುತ್ತೇನೆ.

ನಿನ್ನ ಗಂಡನಿಗೆ ಹೇಳು, ಕಿವಿ ಸೀಟು ಮಲಗುವ ಮಂಚವಲ್ಲ.

ಅತ್ತೆ


ಮಾರ್ಚ್ ೨೦

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಕಾಗದ ಓದಿ ಮಧ್ಯಾಹ್ನ ಊಟ ಸೇರಲಿಲ್ಲ. ಕಿಟಕಿಯ ವಿಷಯ ನಾನು ನೋಡಿರಲಿಲ್ಲ, ನಿಮ್ಮಾಣೆ. ನೋಡಿದ್ದರೆ ಆ ಹಾಳೆಯನ್ನು ಕಳಿಸುತ್ತಲೇ ಇರಲಿಲ್ಲ. ನಿಮ್ಮನ್ನು ಆ ಸೀಟಿನಿಂದ ಎಬ್ಬಿಸುವ ಯೋಚನೆ ನನಗೆ ಕನಸಿನಲ್ಲೂ ಬಂದಿಲ್ಲ.

ಎಬ್ಬಿಸುವುದಿರಲಿ, ನೀವು ಬರದಿದ್ದರೆ ನನ್ನ ಗತಿ ಏನು ಎಂಬುದೇ ಈಗಿನ ಚಿಂತೆ. ನೃತ್ಯ ಶಾಲೆಯವರು ಹೊಸ ಸಭಾಂಗಣ ಕಟ್ಟಿಸಿದ್ದಾರೆ. ಒಂದು ಗೋಡೆಯ ಉದ್ದಕ್ಕೂ ಕನ್ನಡಿ ಬೇಕಂತೆ. ಆಳಿಗಿಂತ ಎತ್ತರದ ಕನ್ನಡಿಗಳು, ಎಲ್ಲವೂ ಒಂದೇ ಪಾಕದವು. ಒಂದು ಒಡೆದರೆ ಅದರ ಬಣ್ಣಕ್ಕೆ ಕೂಡುವ ಇನ್ನೊಂದು ಸಿಗುವುದಿಲ್ಲ. ಮೇ ಕೊನೆಯಲ್ಲಿ ತಲುಪಿಸಬೇಕು. ನಾನು ಒಪ್ಪಿಕೊಂಡೆ. ನೀವು ಪಕ್ಕದಲ್ಲಿರುತ್ತೀರಿ ಎಂಬ ಧೈರ್ಯದ ಮೇಲೆ ಒಪ್ಪಿಕೊಂಡೆ.

ಜೋರುಬಾಯಿಯನ್ನು ಕೇಳಿದೆ, ಸ್ವದೇಶವೋ ವಿದೇಶವೋ ಎಂದು. ಅವನು ಗಟ್ಟಿಯಾಗಿ ನಕ್ಕ. ‘ಅಕ್ಕಾ, ಆ ಹೊರದೇಶದ್ದನ್ನ ಜೋಡಿಸೋದು ನಮ್ಮ ಪಕ್ಕದೂರಿನ ಕಾರ್ಖಾನೇಲಿ, ನನ್ನ ಭಾಮೈದನೇ ನಟ್ಟು ತಿರುಗಿಸ್ತಾನೆ. ಈ ನಮ್ಮದರ ಇಂಜಿನ್ ಲೆಕ್ಕಾಚಾರ ಹೊರಗಿಂದ ಬಂದದ್ದು. ಯಾವುದನ್ನ ಯಾವ ದೇಶಕ್ಕೆ ಸೇರಿಸ್ತೀಯ?’ ಎಂದ. ಇದನ್ನು ನಿಮಗೆ ತಿಳಿಸಬೇಡ ಎಂದೂ ಹೇಳಿದ. ಅವನಿಗೆ ನಿಮ್ಮ ಭಯ ಇನ್ನೂ ಇದೆ.

ನೀವು ಕೂತು ನೋಡಿ ಬರೆಯಿರಿ. ನಿಮ್ಮ ಮಾತೇ ಕೊನೆ.

ನಿಮ್ಮ ಸೊಸೆ


ಮಾರ್ಚ್ ೨೮

ಸೊಸೆಗೆ ಆಶೀರ್ವಾದ.

ಎರಡನ್ನೂ ನೋಡಿದ್ದಾಯಿತು. ಇಲ್ಲಿನ ಗಾಜಿನಂಗಡಿಯವನು ನಮ್ಮ ಅಂಗಡಿಯ ಹೆಸರು ಕೇಳಿ ಎದ್ದು ನಿಂತ. ಕಿಟಕಿ ಗಾಜಿನ ಎರಡು ಹಲಗೆಗಳನ್ನು, ಅವನ್ನು ಕಟ್ಟುವ ಸ್ಟ್ಯಾಂಡಿನ ಸಮೇತ ಎರವಲು ಕೊಟ್ಟ. ಜೊತೆಗೆ ತಮ್ಮನೂ ಬಂದ.

ಮೊದಲು ಹೊರದೇಶದ್ದು. ಟೈ ಕಟ್ಟಿದ ಮಾರಾಟದವನು ಕೂತಲ್ಲಿಂದ ಬಾಯಿ ಆಡಿಸುತ್ತಲೇ ಇದ್ದ, ನಾನು ಗಮನ ಕೊಡಲಿಲ್ಲ. ಮಾರುವವನ ಮಾತು ಕೇಳಿ ಆಗಬೇಕಾದದ್ದೇನು. ‘ಗಾಡಿ ಶುರು ಮಾಡಪ್ಪ’ ಎಂದೆ. ಆಗಲೇ ಶುರುವಾಗಿದೆ ಎಂದು ಕೈಸನ್ನೆ ಮಾಡಿದ. ಅಷ್ಟು ನಿಶ್ಶಬ್ದ. ಮುಚ್ಚಿದ ಕಿಟಕಿಯ ಆಚೆ ಗಾಜು ಏನು ಹೇಳಿತೋ ದೇವರಿಗೇ ಗೊತ್ತು.

ಆಮೇಲೆ ನಮ್ಮದು. ಕಿಟಕಿ ಪೂರ್ತಿ ಸರಿಸಿ ಕೂತೆ. ನೀನು ಎತ್ತಿಹಾಕುತ್ತದೆ, ಒರಟು ಎಂದೆಲ್ಲ ಬರೆದಿದ್ದೆಯಲ್ಲ, ಅದೆಲ್ಲ ಹಳೆಯ ಕಾಲದ ಮಾತು. ಇದೂ ಅಷ್ಟೇ ಸದ್ದಿಲ್ಲದ ಗಾಡಿ. ಬೇಕೆಂದೇ ರಸ್ತೆಯ ಹಂಪಿನ ಮೇಲೆ ಜೋರಾಗಿ ಬಿಡಿಸಿದೆ. ಗಾಜು ತುಟಿ ಬಿಚ್ಚಲಿಲ್ಲ, ಚೆನ್ನಾಗಿ ಬೆಳೆಸಿದ ಮಗುವಿನ ಹಾಗೆ ಸುಮ್ಮನೆ ನಿಂತಿತ್ತು. ತಮ್ಮ ಮಾತ್ರ ದಾರಿಯುದ್ದಕ್ಕೂ ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದ. ಅವನು ಚಿಕ್ಕಂದಿನಿಂದಲೂ ಪುಕ್ಕಲ, ಗಾಡಿ ಎಂದರೆ ಭಯ.

ಹಾಗಾಗಿ ಎರಡೂ ಒಂದೇ. ಒಂದೇ ಆದ ಮೇಲೆ ಹೊರದೇಶದ್ದು ಯಾಕೆ? ನಮ್ಮದನ್ನೇ ಗೊತ್ತುಮಾಡು.

ಅತ್ತೆ


ಏಪ್ರಿಲ್ ೧೯

ಅತ್ತೆಯವರಿಗೆ ನಮಸ್ಕಾರ.

ಉತ್ತರ ತಡವಾಯಿತು, ಕ್ಷಮಿಸಿ. ಅಂಗಡಿಯಲ್ಲಿ ಕೆಲಸ ಹೆಚ್ಚು.

ನಿಮ್ಮ ಕಾಗದ ಬಂದ ಮಾರನೆಯ ದಿನವೇ ನಮ್ಮ ದೇಶದ್ದನ್ನು ನಾನೂ ಗಾಜು ಹೇರಿಸಿ ಓಡಿಸಿ ನೋಡಿದೆ. ಅದರ ಬಗ್ಗೆ ನಿಧಾನವಾಗಿ ಬರೆಯುತ್ತೇನೆ. ಗಾಡಿ ಇನ್ನೂ ಗೊತ್ತುಮಾಡಿಲ್ಲ. ಸ್ವಲ್ಪ ಸಮಯ ಕೊಡಿ.

ಒಂದು ಮಾತು. ಚಿಕ್ಕ ಅತ್ತೆಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವಾಗ ನೀವೂ ಒಮ್ಮೆ ತೋರಿಸಿಕೊಳ್ಳಿ. ಏನೂ ಇಲ್ಲದಿದ್ದರೂ ಈ ವಯಸ್ಸಿನಲ್ಲಿ ಎಲ್ಲವನ್ನೂ ನೋಡಿಸಿಕೊಂಡರೆ ಒಳ್ಳೆಯದು. ಬಿಸಿಲು ಹೆಚ್ಚಾಗಿದೆ, ನೀರು ಚೆನ್ನಾಗಿ ಕುಡಿಯಿರಿ.

ನಿಮ್ಮ ಸೊಸೆ


ಏಪ್ರಿಲ್ ೨೫

ಸೊಸೆಗೆ,

ಮೂರು ವಾರ ಕಾಯಿಸಿ, ನೀರು ಕುಡಿಯಿರಿ ಎಂದು ಬರೆದಿದ್ದೀಯ. ನೀರು ಕುಡಿಯುವುದನ್ನು ನಿನ್ನಿಂದ ಕಲಿಯಬೇಕಾಗಿಲ್ಲ.

ನನಗೆ ಏನಾಗಿದೆ ಎಂದು ಡಾಕ್ಟರಿಗೆ ತೋರಿಸಿಕೊಳ್ಳಲಿ? ಕಣ್ಣು ಸರಿಯಿದೆ, ಕಾಲು ಸರಿಯಿದೆ, ಹಲ್ಲೂ ನನ್ನವೇ. ನನ್ನ ತೀರ್ಮಾನ ಹಿಡಿಸದಿದ್ದರೆ ಹಿಡಿಸಲಿಲ್ಲ ಎಂದು ಬರೆ. ನಾನು ಬರೆದ ಮೇಲೂ ನೀನು ಹೋಗಿ ಓಡಿಸಿ ನೋಡಿದೆ ಎಂದರೆ ಅರ್ಥವೇನು? ಈ ಮನೆಯಲ್ಲಿ ನಾನು ‘ಸುಮ್ನಿದೆ’ ಎಂದ ಮೇಲೆ ಇಳಿದು ನೋಡಿದವರು ಇಲ್ಲಿಯವರೆಗೆ ಯಾರೂ ಇರಲಿಲ್ಲ. ನಿನ್ನ ಮಾವ ಒಮ್ಮೆಯೂ ನೋಡಲಿಲ್ಲ.

ಹಾಗಿದ್ದರೆ ಆ ಕಿಟಕಿ ತೆರೆಯದ ಗಾಡಿಯನ್ನೇ ತೆಗೆದುಕೋ. ಕೇಳಿ ಹೇಳುವವರು ಬೇಕಿಲ್ಲದ ಗಾಡಿಯೇ ಈಗ ಎಲ್ಲರಿಗೂ ಅನುಕೂಲ. ಕನ್ನಡಿಗಳನ್ನು ಒಪ್ಪಿಕೊಂಡವಳು ನೀನು, ತಲುಪಿಸುವವಳೂ ನೀನೇ. ಕಿವಿ ಸೀಟಿನಲ್ಲಿ ಕೂತು ಗೊತ್ತಿಲ್ಲದೆ ‘ಸುಮ್ನಿದೆ’ ಎನ್ನುವವಳು ನಾನಲ್ಲ. ಅದಕ್ಕಿಂತ ಕೂರದಿರುವುದು ಮೇಲು.

ನಾನು ಇಲ್ಲೇ ಇರುತ್ತೇನೆ. ಇಲ್ಲಿ ನನ್ನ ಅಗತ್ಯ ಬಹಳವಿದೆ. ತಮ್ಮನ ಹೆಂಡತಿ ಇವತ್ತು ತಾನೇ ತಾರಸಿಗೆ ಹೋಗಿ ಬಟ್ಟೆ ಒಣಹಾಕಿ ಬಂದಳು, ಬೇಡವೆಂದರೂ ಕೇಳಲಿಲ್ಲ.

ಅತ್ತೆ


ಮೇ ೩

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಕೌಂಟರಿನ ಕೆಳಗೆ ಇಟ್ಟುಕೊಂಡು ಮತ್ತೆ ಮತ್ತೆ ಓದಿದೆ. ಬೈಗುಳ ಓದಲಿಕ್ಕಲ್ಲ. ‘ಕೂರದಿರುವುದು ಮೇಲು’ ಎಂದಿದ್ದೀರಲ್ಲ, ಆ ಒಂದು ಸಾಲು ಓದಲಿಕ್ಕೆ.

ಗಾಡಿ ಕೊಂಡೆವು. ನಮ್ಮ ದೇಶದ್ದೇ. ಬೂದು ಬಣ್ಣ. ನೀವು ಗೆದ್ದಿರಿ. ಆದರೆ ನೀವು ಹೇಳಿದ ಕಾರಣಕ್ಕೂ ಅಲ್ಲ, ಮಾವನವರ ಕಾರಣಕ್ಕೂ ಅಲ್ಲ. ಹೇಗೆಂದು ಹೇಳುತ್ತೇನೆ.

ನೀವಿರುವ ಊರಿನ ಶೋರೂಮಿನಲ್ಲಿದ್ದದ್ದು ಬೇರೆಯೇ ಗಾಡಿಯಿರಬೇಕು. ನಾನು ಓಡಿಸಿದ್ದು ಹಿಟ್ಟಿನ ಗಿರಣಿಯ ಹಾಗೆ ಅರಚುತ್ತಿತ್ತು. ಪಕ್ಕದಲ್ಲಿದ್ದ ನಿಮ್ಮ ಮಗನಿಗೆ ನಾನು ಕೂಗಿದರೂ ಕೇಳಿಸಲಿಲ್ಲ. ಅವರಿಗೆ ನಿದ್ದೆಯೂ ಬರಲಿಲ್ಲ, ಅದೊಂದು ಲಾಭ. ಇನ್ನು ಗಾಜಿನ ಸದ್ದು ಯಾರಿಗೆ ಕೇಳಿಸಬೇಕು? ಬೇಡವೇ ಬೇಡ ಎಂದುಕೊಂಡೆ.

ಎರಡನೆಯ ಸಲ ಅವರಿಗೆ ಓಡಿಸಲು ಹೇಳಿ ನಾನು ಕಿವಿ ಸೀಟಿನಲ್ಲಿ ಕೂತೆ. ರಸ್ತೆಯಲ್ಲಿ ಧೂಳಿತ್ತು, ಅದಕ್ಕೆ ಎರಡೂ ಕಿವಿಗೆ ಹತ್ತಿ ಇಟ್ಟುಕೊಂಡಿದ್ದೆ. ತಿರುವಿನಲ್ಲಿ ಗಾಡಿ ಎತ್ತಿಹಾಕಿತು. ಆಧಾರಕ್ಕೆಂದು ಹಿಂದಿನ ಕಿಟಕಿಯಲ್ಲಿ ಕೈ ತೂರಿಸಿ ಗಾಜಿನ ಸ್ಟ್ಯಾಂಡಿನ ಮೇಲಿನ ಕಂಬಿ ಹಿಡಿದೆ. ಅತ್ತೆ, ಗಾಜು ಕೈಯೊಳಗೆ ಮಾತಾಡಿತು. ಸುಮ್ಮನಿದ್ದಾಗ ಮಲಗಿದ ಬೆಕ್ಕಿನ ಬೆನ್ನಿನ ಹಾಗೆ. ಕೊಸರುವಾಗ ಅಂಗೈಯಲ್ಲಿ ಇರುವೆ ಹರಿದ ಹಾಗೆ. ಹಾಡತೊಡಗಿದರೆ ಮೊಣಕೈವರೆಗೆ ಜುಮ್ಮೆನ್ನುತ್ತದೆ. ಹೊರದೇಶದ್ದು ಎಷ್ಟೇ ಮೆತ್ತಗಿರಲಿ, ಅದರ ಕಿಟಕಿಯಲ್ಲಿ ಕೈ ತೂರುವುದಿಲ್ಲ. ಜಾರುವ ಕಿಟಕಿ ಬೇಕೇ ಬೇಕು ಎಂದವರು ನೀವು.

ಆದರೆ ನನ್ನ ಕೈ ದಡ್ಡ ಕೈ. ಎರಡು ಸಲ ಏನೂ ಇಲ್ಲದೆ ಗಾಡಿ ನಿಲ್ಲಿಸಿದೆ. ಒಂದು ಸಲ ನಿಜವಾಗಿ ಹಾಡಿದಾಗ ತಿಳಿಯದೆ ಒಂದು ಹಲಗೆಯ ಮೂಲೆ ಹೋಯಿತು. ಗಾಜಿನ ಸ್ವಭಾವ ಗೊತ್ತಿರುವವರ ಕೈ ಬೇಕು. ಅದು ನನಗೆ ಇನ್ನೂ ಗೊತ್ತಿಲ್ಲ, ನಿಮ್ಮ ಮಗನಿಗೆ ಗಾಜನ್ನು ಮೇಜಿನ ಮೇಲೆ ಮಾತ್ರ ಗೊತ್ತು.

ಈ ಗಾಡಿಯಲ್ಲಿ ‘ಏನಂತೆ?’ ಎಂದು ಬಾಯಲ್ಲಿ ಕೇಳಿ ಪ್ರಯೋಜನವಿಲ್ಲ. ಓಡಿಸುವವರು ಪಕ್ಕದವರ ಮೊಣಕಾಲು ತಟ್ಟುವುದು, ಪಕ್ಕದವರು ಬೆರಳಲ್ಲಿ ಹೇಳುವುದು ಎಂದು ಗೊತ್ತುಮಾಡಿಕೊಂಡಿದ್ದೇವೆ. ಒಂದು ಬೆರಳೆಂದರೆ ಸುಮ್ಮನಿದೆ, ಎರಡೆಂದರೆ ಕೊಸರುತ್ತಿದೆ, ಇಡೀ ಅಂಗೈ ಎತ್ತಿದರೆ ನಿಲ್ಲಿಸು. ಇದರಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲ, ಅತ್ತೆ. ಯಾರು ಕೂತರೂ ಅಷ್ಟೇ.

ಕನ್ನಡಿಗಳು ಗೋದಾಮಿಗೆ ಬಂದಿವೆ. ಗೋಡೆಗೆ ಒರಗಿ ನಿಮ್ಮ ದಾರಿ ನೋಡುತ್ತಿವೆ. ಅವುಗಳ ಮುಂದೆ ಹೋದಾಗಲೆಲ್ಲ ನನ್ನ ಹೆದರಿದ ಮುಖವೇ ಸಾಲಾಗಿ ಕಾಣುತ್ತದೆ.

ನಿಮ್ಮ ಸೊಸೆ


ಮೇ ೮

ಸೊಸೆಗೆ ಆಶೀರ್ವಾದ.

ಧೂಳಿದ್ದರೆ ಜನ ಮೂಗು ಮುಚ್ಚಿಕೊಳ್ಳುತ್ತಾರೆ. ಕಿವಿಗೆ ಹತ್ತಿ ಇಟ್ಟುಕೊಂಡವರನ್ನು ನಾನು ಇದುವರೆಗೆ ಕಂಡಿಲ್ಲ. ಸುಳ್ಳು ಹೇಳುವುದಾದರೆ ಅದನ್ನಾದರೂ ನೆಟ್ಟಗೆ ಹೇಳುವುದನ್ನು ಕಲಿ. ಮೂರು ವಾರ ಯೋಚಿಸಿದವಳಿಗೆ ಇದಕ್ಕಿಂತ ಒಳ್ಳೆಯದು ಸಿಗಲಿಲ್ಲವೇ.

ಬೂದು ಬಣ್ಣ ಯಾಕೆ ತಂದಿರಿ? ಮಳೆ ಬಂದರೆ ಎದುರಿನವರಿಗೆ ಕಾಣಿಸುವುದಿಲ್ಲ. ಹಿಂದೆ ಕೆಂಪು ಪಟ್ಟಿ ಅಂಟಿಸಲು ನಿನ್ನ ಗಂಡನಿಗೆ ಹೇಳು. ನಮ್ಮ ದೇಶದ್ದೇ ತಂದಿರಲ್ಲ, ಅದು ಸರಿ. ಜೋರುಬಾಯಿಗೆ ನಾನು ಕೇಳಿದೆನೆಂದು ಹೇಳು, ಅವನ ಭಾಮೈದನ ವಿಷಯ ಬಂದ ಮೇಲೆ ಮಾತಾಡುತ್ತೇನೆ.

ನೀನು ಕಂಬಿಯನ್ನು ಬಿಗಿಯಾಗಿ ಹಿಡಿದಿರುತ್ತೀಯ. ಅದಕ್ಕೇ ತಪ್ಪಿದ್ದು. ಹಿಡಿಯಬಾರದು, ಕೈ ಇಡಬೇಕು. ಮಗುವಿಗೆ ಜ್ವರವಿದೆಯೇ ಎಂದು ಹಣೆ ಮುಟ್ಟುವ ಹಾಗೆ. ನಿನ್ನೆ ತಮ್ಮ ದಪ್ಪ ಬಟ್ಟೆ ಹೊಲಿಯುತ್ತಿದ್ದಾಗ ಅವನ ಯಂತ್ರದ ಮೇಲೆ ಕೈ ಇಟ್ಟು ಕೂತೆ. ಮೊದಮೊದಲು ಎಲ್ಲವೂ ಒಂದೇ ಎನಿಸಿತು. ಸಂಜೆಯ ಹೊತ್ತಿಗೆ ‘ನಿಲ್ಸು’ ಎಂದೆ. ಅವನು ನಿಲ್ಲಿಸಿ ನೋಡಿದರೆ ದಾರ ಎಳೆ ಬಿಟ್ಟಿತ್ತು, ಇನ್ನೂ ತುಂಡಾಗಿರಲಿಲ್ಲ. ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ಅವನಿಗೆ ಮೊದಲೇ ಎಲ್ಲ ಗೊತ್ತಿತ್ತು, ನನ್ನ ಭಯಕ್ಕೆ ಬಾಯಿ ಬಿಟ್ಟಿರಲಿಲ್ಲ.

ಕನ್ನಡಿಗಳನ್ನು ನಾನು ಬರುವವರೆಗೆ ಯಾರೂ ಮುಟ್ಟಬಾರದು. ಮೊದಲು ಬರೀ ಕಿಟಕಿ ಗಾಜಿನ ಹಲಗೆಗಳನ್ನು ಹೇರಿ ಅದೇ ದಾರಿಯಲ್ಲಿ ಓಡಾಡೋಣ. ನನ್ನ ಕೈಗೆ ಹೊಸ ಗಾಡಿ ಗೊತ್ತಾಗಬೇಕು. ಒಂದು ವಾರ ಓಡಾಡಿದ ಮೇಲೂ ತಪ್ಪಿದರೆ ನಾನೇ ಹೇಳುತ್ತೇನೆ, ಆಗ ಬೇರೆಯವರನ್ನು ಕೂರಿಸು. ನೀನಾಗಿ ಹೇಳಬೇಕಾಗಿ ಬರುವುದಿಲ್ಲ.

ಈ ಊರಿನ ಡಾಕ್ಟರ ಹತ್ತಿರ ನಾನು ಹೋಗುವುದಿಲ್ಲ. ಅಲ್ಲಿಗೆ ಬಂದ ಮೇಲೆ, ನೀನು ಜೊತೆಗೆ ಬರುವುದಾದರೆ, ನೋಡೋಣ.

ಭಾನುವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ, ಮಧ್ಯಾಹ್ನ ಇಳಿಯುತ್ತೇನೆ. ಹೊಸ ಗಾಡಿ ತಾ. ನಿಲ್ದಾಣದಲ್ಲಿ ನನ್ನನ್ನು ಹಿಂದಿನಿಂದ ಕೂಗಬೇಡ. ಎದುರಿಗೆ ಬಂದು ನಿಲ್ಲು.

ಅತ್ತೆ